ಕಾಗದ ಹಿಡಿದ ಗಳಿಗೆ

‘ನಮ್ಮ ಹುಡುಗ ಫ್ಯಾಕ್ಟರಿಯಾಗ ಇಂಜಿನಿಯರ್ ಅದಾನ್ರಿ’ ಎಂದು ಗುರುನಾಥ ಮಾವ ಹೇಳಿಬಿಟ್ಟ ಮೇಲೆ ಕಾಂತುವಿಗೆ ತನ್ನ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ. ತೊಡೆಯ ಮೇಲಿಟ್ಟರೆ ಅವು ಗುಮಾಸ್ತನ ಕೈಗಳಂತೆ ಕಂಡವು, ಕುರ್ಚಿಯ ತೋಳಿನ ಮೇಲಿಟ್ಟರೆ ಕಳ್ಳನ ಕೈಗಳಂತೆ. ಎದುರಿನ ಗೋಡೆಯ ಮೇಲೆ ಕಣ್ಣು ಮುಚ್ಚಿ ಕುಳಿತ ಬುದ್ಧನ ಪಟವಿತ್ತು, ಅದರ ಪಕ್ಕದಲ್ಲಿ ಕಣ್ಣು ತೆರೆದು ನೇರವಾಗಿ ನೋಡುವ ಬಾಬಾಸಾಹೇಬರ ಫೋಟೋ. ಕಾಂತು ಬುದ್ಧನ ಕಡೆಗೇ ನೋಡುತ್ತ ಕುಳಿತ. ಬೆಳಿಗ್ಗೆ ಆಲಮೇಲದ ಮನೆಯಿಂದ ಹೊರಡುವಾಗ ಮಾವ ಅವನ ಕಿಸೆಯಲ್ಲಿದ್ದ ಪೆನ್ನಿನ ಪಕ್ಕಕ್ಕೆ ಇನ್ನೊಂದು ಪೆನ್ನು ಸಿಕ್ಕಿಸಿ, ‘ಈಗ ಸಾಹೇಬ ಕಂಡಂಗ ಕಾಣ್ತಿ’ ಎಂದಿದ್ದ. ಅವ್ವ ರೇವವ್ವ ನಕ್ಕಿದ್ದಳೇ ಹೊರತು ಬೇಡ ಎಂದಿರಲಿಲ್ಲ. ತಾನೂ ಎಂದಿರಲಿಲ್ಲವಲ್ಲ. ಸಕ್ಕರೆ ಕಾರ್ಖಾನೆಯ ಗೇಟಿನಲ್ಲಿ ಕಬ್ಬಿನ ಗಾಡಿಗಳನ್ನು ತೂಗುವ ಕಾಟಾದ ಮುಂದೆ ಕುಳಿತು ತೂಕ ಬರೆದುಕೊಳ್ಳುವವನು ತಾನು. ಅಂಕಿ ಬೆಳಗಿದ ಕೂಡಲೇ ಗಾಡಿಯವರು ಅಂಕಿಯನ್ನು ಬಿಟ್ಟು ತನ್ನ ಮುಖವನ್ನು ನೋಡುತ್ತಾರೆ, ಸುಳ್ಳೇನಾದರೂ ಇದ್ದರೆ ಅಲ್ಲಿ ಸಿಕ್ಕೀತು ಎಂಬಂತೆ. ಆ ನೋಟಗಳಿಗೆ ಹೆದರಿ ಹೆದರಿ ಅವನ ಮುಖ ಯಾವತ್ತೋ ಗೋಡೆಯಾಗಿತ್ತು. ಇವತ್ತು ಮೊದಲ ಸಲ ಆ ಗೋಡೆಯ ಹಿಂದೆ ನಿಜಕ್ಕೂ ಒಂದು ಸುಳ್ಳು ಕುಳಿತಿತ್ತು, ಮತ್ತು ಗೋಡೆ ಅದನ್ನು ಇಷ್ಟು ಸಲೀಸಾಗಿ ಮುಚ್ಚಿಟ್ಟದ್ದೇ ಅವನಿಗೆ ಹೇಸಿಕೆ ತಂದಿತು.

ಇದಕ್ಕೆ ಮಾವನೊಬ್ಬನನ್ನೇ ದೂರಿ ಫಲವಿರಲಿಲ್ಲ. ಈ ಮೊದಲು ಹೆಣ್ಣು ನೋಡಲು ಹೋದ ಮುದ್ದೇಬಿಹಾಳದಲ್ಲಿ ಆ ಹುಡುಗಿಯ ಅಜ್ಜಿ ಕಾಂತುವನ್ನು ದಾಟಿ ಬಾಡಿಗೆ ಜೀಪಿನ ಡ್ರೈವರನ ಗಲ್ಲ ಸವರಿ ‘ಹುಡುಗ ಚಲೋ ಅದಾನ’ ಎಂದಿದ್ದಳು. ಎಲ್ಲರೂ ನಕ್ಕರು, ಕಾಂತು ಎಲ್ಲರಿಗಿಂತ ಜೋರಾಗಿ ನಕ್ಕ. ಗೊಳಸಂಗಿಯವರು ತಿಳಿಸುತ್ತೇವೆ ಎಂದವರು ಇನ್ನೂ ತಿಳಿಸಿರಲಿಲ್ಲ. ಬಸವನ ಬಾಗೇವಾಡಿಯ ಹುಡುಗಿ ಮಾತ್ರ ಮುಖ ನೋಡಿಯೇ ಕೇಳಿದ್ದಳು: ‘ಕಾಟಾ ಅಂದ್ರ ಬರೇ ತೂಕ ಬರಕೊಳ್ಳೂದೇನ್ರಿ?’ ಹೌದು ಎಂದಿದ್ದ. ಅಷ್ಟು ಸಣ್ಣ ಶಬ್ದ. ವಾಪಸು ಬರುವಾಗ ಸಿಂದಗಿ ದಾಟಿದ ಮೇಲೆ ಮಾವ ಜೀಪಿನಲ್ಲಿ ತಿರುಗಿ, ‘ಇನ್ನ ಮ್ಯಾಲ ಮಾತು ನಾ ಆಡ್ತೇನಿ. ನೀ ಸುಮ್ನ ಕುಂದ್ರು’ ಎಂದಿದ್ದ. ಕಾಂತು ಈಗ ಸುಮ್ಮನೆ ಕುಳಿತಿದ್ದ. ಇಂಡಿಯಿಂದ ಸಾಲೋಟಗಿಗೆ ಹೋಗುವ ರಸ್ತೆಗೆ ತಗುಲಿದ ಈ ಮನೆಯ ಪಡಸಾಲೆಯಲ್ಲಿ ಲಿಂಬೆಯ ಶರಬತ್ತು ಬಂತು, ಚೂಡಾ ಬಂತು, ಚಹಾ ಬಂತು. ಹುಡುಗಿ ಪ್ರಿಯದರ್ಶಿನಿ ಬರಲಿಲ್ಲ. ಎಲ್ಲವನ್ನೂ ಹುಡುಗಿಯ ತಾಯಿ ರೇಣುಕಾಳೇ ತಂದಿಟ್ಟಳು, ಪ್ರತಿಸಲವೂ ಹಿತ್ತಲ ಬಾಗಿಲ ಕಡೆ ಒಮ್ಮೆ ನೋಡಿ. ಹಿತ್ತಲಿನಿಂದ ಒಂದು ಸಣ್ಣ ಸಿಳ್ಳೆಯಂಥ ಸದ್ದು ಬರುತ್ತಿತ್ತು. ಏರುವುದು, ನಿಲ್ಲುವುದು, ಮತ್ತೆ ಏರುವುದು.

‘ಹುಡುಗಿನ್ನ ಕರೀರಲ್ಲ’ ಎಂದಳು ರೇವವ್ವ ಕೊನೆಗೆ.

ಹುಡುಗಿಯ ತಂದೆ ಸೋಮನಿಂಗ ಭೂಮಾಪನ ಇಲಾಖೆಯಲ್ಲಿ ಸರಪಳಿ ಹಿಡಿದು ಹೊಲಹೊಲ ತಿರುಗಿ ನಿವೃತ್ತನಾದವನು. ತೆಳ್ಳಗಿನ, ಸಂಕೋಚದ ಮನುಷ್ಯ. ಅವನು ಟವೆಲ್ಲನ್ನು ಈ ಹೆಗಲಿಂದ ಆ ಹೆಗಲಿಗೆ ಹಾಕಿಕೊಂಡ. ‘ಮಷೀನ್ ಚಾಲೂ ಐತ್ರಿ ಅಕ್ಕಾರ. ನಡುವ ಬಿಟ್ಟು ಬಂದ್ರ ಕೆಲಸಾ ಕೆಡ್ತೈತಂತ. ಸ್ವಲ್ಪ ತಡಾ ಆಗ್ತೈತಿ.’

‘ಹೆಣ್ಣ ನೋಡಾಕ ಬಂದಾರ ಅನ್ನೂದು ಮಷೀನಿಗೆ ಯಾರೂ ಹೇಳಿಲ್ಲೇನು?’ ಎಂದು ಗುರುನಾಥ ನಕ್ಕ. ಅದು ನಗುವಲ್ಲ ಎಂದು ಎಲ್ಲರಿಗೂ ಗೊತ್ತಾಯಿತು.

ಹೊಸ್ತಿಲ ಆಚೆ, ಕಟ್ಟೆಯ ಮೇಲೆ ಕುಳಿತಿದ್ದ ಮನುಷ್ಯನೊಬ್ಬ ಎದ್ದು ನಿಂತ. ಅಂಗೈಯಲ್ಲಿ ನಾಲ್ಕು ಬೋಲ್ಟುಗಳನ್ನು ಹಿಡಿದುಕೊಂಡಿದ್ದ. ‘ತಪ್ಪು ನಂದ್ರಿ, ಬೈಯೋದಿದ್ರ ನನಗ ಬೈರಿ. ನಾ ಮಂಜೂರ ಅಂತ. ಬಸ್‌ಸ್ಟ್ಯಾಂಡಿನಾಗ ಕಬ್ಬಿನ ಹಾಲಿನ ಗಾಡಿ ಐತಿ. ಗಾಣದ ಪ್ಲೇಟು ಸೀಳಿತ್ರಿ. ಹೊಸಾದು ಮಾಡಸಾಕ ಒಂದು ಕಡೆ ಕೊಟ್ಟಿದ್ದೆ, ಥ್ರೆಡ್ ಹಾಕೋ ಟ್ಯಾಪು ತೂತಿನಾಗ ಮುರದು ಕುಂತು. ಬ್ಯಾಸಗಿ ಹೊಂಟೈತಿ, ಗಾಡಿ ನಿಂತೈತಿ. ಈ ತಂಗಿನ ಮಾಡಿಕೊಡ್ತೇನಿ ಅಂತು. ನಾಳಿ ಸಂತಿ ಐತಲ್ರಿ, ಅದಕ್ಕ ನಾನ ಬೆನ್ನ ಹತ್ತೇನಿ.’

‘ಹಂಗಾದ್ರ ಚಲೋನ ಆತು’ ಎಂದ ಗುರುನಾಥ, ಕಾಂತುವಿನ ಬೆನ್ನಿನ ಮೇಲೆ ಕೈಯಿಟ್ಟು. ‘ನಮ್ಮ ಇಂಜಿನಿಯರ್ ಸಾಹೇಬ್ರ ಹೋಗಿ ನೋಡ್ಲಿ. ಹುಡುಗಿನೂ ನೋಡಿದಂಗಾತು, ಮಷೀನೂ ನೋಡಿದಂಗಾತು.’

ಹಿತ್ತಲಿಗೆ ಹೋಗುವ ಹತ್ತು ಮಾರು ದಾರಿಯಲ್ಲಿ ಕಾಂತುವಿಗೆ ಓಡಿಹೋಗಬೇಕೆನಿಸಿತು. ಬೇಲಿಯಾಚೆ ಲಿಂಬೆಯ ತೋಟ, ಅದರಾಚೆ ರಸ್ತೆ, ರಸ್ತೆಯಲ್ಲಿ ಯಾವುದಾದರೂ ಬಸ್ಸು. ಆದರೆ ಮುಂದೆ ಸೋಮನಿಂಗ ನಡೆಯುತ್ತಿದ್ದ, ದನದ ಕೊಟ್ಟಿಗೆಯಾಗಿದ್ದ ಕೋಣೆಯ ಬಾಗಿಲು ತೆಗೆದು, ‘ಪ್ರಿಯಾ, ಇಂಜಿನಿಯರ್ ಸಾಹೇಬ್ರು ಬಂದಾರವಾ’ ಎಂದಷ್ಟೇ ಹೇಳಿ, ಇಬ್ಬರನ್ನೂ ನೋಡದೆ ಹಿಂತಿರುಗಿದ. ಒಳಗೆ ಸುಟ್ಟ ಎಣ್ಣೆಯ ವಾಸನೆ. ಹುಡುಗಿ ತಲೆಯೆತ್ತಲಿಲ್ಲ. ಕುಸುಬಿ ಬಣ್ಣದ ಹೊಸ ಸೀರೆ ಉಟ್ಟಿದ್ದಳು, ಅದರ ಮೇಲೆ ಗಂಡಸರ ಹಳೆಯ ಖಾಕಿ ಅಂಗಿ. ಮುಡಿದಿದ್ದ ಮಲ್ಲಿಗೆಯ ದಂಡೆ ಕಣ್ಣಿಗೆ ಕಟ್ಟಿಕೊಂಡ ದಪ್ಪ ಕನ್ನಡಕದ ಪಟ್ಟಿಯ ಕೆಳಗೆ ನಜ್ಜುಗುಜ್ಜಾಗಿತ್ತು. ‘ಅಲ್ಲೇ ನಿಂದರ್ರಿ. ಟೇಬಲ್ ಮುಟ್ಟಬ್ಯಾಡ್ರಿ’ ಎಂದಳು. ಕಾಂತು ನಿಂತ. ಇಲ್ಲಿಯವರೆಗೆ ನೋಡಿದ ಹುಡುಗಿಯರಲ್ಲಿ ಬಹುತೇಕರು ಅವನು ಕುಳಿತಲ್ಲಿಗೆ ಬಂದು, ತಟ್ಟೆ ಚಾಚಿ, ತಲೆ ತಗ್ಗಿಸಿ ನಿಂತು ಹೋಗಿದ್ದರು, ತಗ್ಗಿದ ತಲೆಗಳ ಕೆಳಗಿನಿಂದ ಅವನನ್ನು ತೂಗಿ ನೋಡುತ್ತ. ಇವಳ ಕಣ್ಣು ಅವನ ಕಡೆ ಬರಲೇ ಇಲ್ಲ. ಅದರಿಂದ ಅವಮಾನವಾಗಬೇಕಿತ್ತು, ಬದಲಿಗೆ ಬೆಳಗಿನಿಂದ ಹಿಡಿದುಕೊಂಡಿದ್ದ ಉಸಿರು ತಾನಾಗಿ ಸಡಿಲಾಯಿತು.

ಅವಳ ಮುಂದಿದ್ದದ್ದು ಮರದ ಬಾಗಿಲುಗಳಿಗೆ ಬಳ್ಳಿ ಕೆತ್ತಲು, ಮನೆಯ ಹೆಸರಿನ ಬೋರ್ಡು ಕೊರೆಯಲು ಹವ್ಯಾಸದವರು ತರಿಸಿಕೊಳ್ಳುವ ಸಣ್ಣ ಸಿಎನ್‌ಸಿ ರೌಟರ್. ಅಲ್ಯುಮಿನಿಯಂ ಕಂಬಿಗಳ ಒಂದು ಕಮಾನು, ಕಮಾನಿಗೆ ತಂಬಿಗೆಯಷ್ಟು ದಪ್ಪದ ಒಂದು ಮೋಟಾರು, ಮೋಟಾರಿನ ಬಾಯಲ್ಲಿ ಕಡ್ಡಿಯಷ್ಟು ತೆಳುವಾದ ಕಟರ್. ಪಕ್ಕದ ಹಳೆಯ ಲ್ಯಾಪ್‌ಟಾಪು ಹೇಳಿದಂತೆ ಅದು ಎಡಕ್ಕೆ ಬಲಕ್ಕೆ, ಮೇಲೆ ಕೆಳಗೆ ಚಲಿಸುತ್ತದೆ. ಕಾಂತು ಇಂಥದ್ದನ್ನು ಸಿಂದಗಿಯ ಪೀಠೋಪಕರಣದ ಅಂಗಡಿಯೊಂದರಲ್ಲಿ ನೋಡಿದ್ದ, ಆದರೆ ಅದರ ಕೆಳಗೆ ಇದ್ದದ್ದು ಹಲಗೆ. ಇಲ್ಲಿ ಮೇಜಿನ ಮೇಲೆ ಬಿಗಿದಿದ್ದದ್ದು ಬೆರಳು ದಪ್ಪದ ಉಕ್ಕಿನ ತುಂಡು. ಕಾರ್ಖಾನೆಯಲ್ಲಿ ಉಕ್ಕಿಗೆ ತೂತು ಹಾಕುವ ಯಂತ್ರವೆಂದರೆ ನೆಲಕ್ಕೆ ಬೇರು ಬಿಟ್ಟಂತೆ ನಿಂತಿರುತ್ತಿತ್ತು, ಆನೆಯ ಹಾಗೆ. ಈ ಮಿಡತೆ ಆ ಕೆಲಸಕ್ಕೆ ಇಳಿದಿತ್ತು. ಅದು ನಡುಗದಿರಲೆಂದು ಅವಳು ಅದರ ಕೆಳಗೆ ಶಹಾಬಾದಿ ಫರಸಿಯ ಎರಡು ಚಪ್ಪಡಿ ಹಾಕಿ, ಕಾಲುಗಳ ಸುತ್ತ ಉಸುಕಿನ ಚೀಲ ಒತ್ತಿದ್ದಳು. ಡ್ರಿಲ್ಲು ಉಕ್ಕಿಗೆ ಚೂರು ಇಳಿಯುವುದು, ಪೂರ್ತಿ ಮೇಲೆದ್ದು ಬರುವುದು, ಮತ್ತೆ ಚೂರು ಇಳಿಯುವುದು, ಕೋಳಿ ಕಾಳು ಕುಕ್ಕಿದಂತೆ. ಅದು ಮೇಲೆದ್ದಾಗಲೆಲ್ಲ ಅವಳು ಬ್ರಷ್ಷಿನಿಂದ ಒಂದು ಹನಿ ಎಣ್ಣೆ ಮುಟ್ಟಿಸಿ, ಉಕ್ಕಿನ ಚೂರುಗಳನ್ನು ಸರಿಸುತ್ತಿದ್ದಳು. ಕುಕ್ಕುವುದಕ್ಕೂ ಸರಿಸುವುದಕ್ಕೂ ನಡುವೆ ಅವಸರವಿರಲಿಲ್ಲ, ಬೇಸರವೂ ಇರಲಿಲ್ಲ. ಕಾಂತುವಿನ ಅಪ್ಪ ಬದುಕಿದ್ದಾಗ ಅವ್ವ ಹೀಗೆಯೇ ಅವನಿಗೆ ಗಂಜಿ ಕುಡಿಸುತ್ತಿದ್ದಳು. ಚಮಚ ಇಳಿಸುವುದು, ಕಾಯುವುದು, ಬಾಯಿ ಒರೆಸುವುದು. ಆ ಕೋಣೆಯನ್ನು ನೆನೆಯದೆ ಎಷ್ಟೋ ದಿನವಾಗಿತ್ತು. ಯಾಕೆ ಈಗ ನೆನಪಾಯಿತೋ.

ನಾಲ್ಕನೆಯ ತೂತು ಮುಗಿಯಿತು. ಡ್ರಿಲ್ಲು ತೆಗೆದು ಇನ್ನೊಂದು ಸಣ್ಣ ಕಟರ್ ಹಾಕಿದಳು, ಅದು ಪ್ರತಿ ತೂತಿನ ಒಳಗೆ ಗಿರಗಿರನೆ ಸುತ್ತಿ ಸುತ್ತಿ ತೂತನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಅಗಲ ಮಾಡಿತು. ಅದೂ ಆದ ಮೇಲೆ ಅವಳು ಕನ್ನಡಕ ಹಣೆಗೇರಿಸಿ ಮೊದಲ ಸಲ ಅವನನ್ನು ನೋಡಿದಳು. ದುಂಡು ಮುಖ, ಎಡಗೆನ್ನೆಯ ಮೇಲೆ ಎಣ್ಣೆಯ ಗೆರೆ. ‘ಸಿಟ್ಟಾಗಬ್ಯಾಡ್ರಿ. ನೋಡಾಕ ಬಂದಿದ್ರಿ, ನಾ ನಿಲ್ಲಿಸಿಬಿಟ್ಟೆ.’

‘ಇಲ್ರಿ, ನೋಡಾಕತ್ತೇನಿ’ ಎಂದ. ತನ್ನ ಮಾತು ತನಗೇ ಪೆದ್ದಾಗಿ ಕೇಳಿಸಿತು.

ಅವಳಿಗೆ ಹಾಗೆ ಕೇಳಿಸಿರಲಿಕ್ಕಿಲ್ಲ. ಮಷೀನು ತನ್ನದಲ್ಲ, ಅಣ್ಣ ಯುವರಾಜನದು ಎಂದು ಹೇಳಿದಳು, ಅಂಗಿಯೂ ಅವನದೇ. ಅಣ್ಣ ಬೋರ್ಡು ಮಾಡಿ ಮಾರುತ್ತೇನೆಂದು ತರಿಸಿದ, ಅಷ್ಟರಲ್ಲಿ ಪೊಲೀಸ್ ನೌಕರಿ ಸಿಕ್ಕಿ ಮುದ್ದೇಬಿಹಾಳಕ್ಕೆ ಹೋದ, ಮಷೀನಿನ ಮೇಲೆ ಕೋಳಿಗಳು ಮೊಟ್ಟೆಯಿಡತೊಡಗಿದವು. ಬಿಎಸ್ಸಿ ಮುಗಿಸಿ ಸಾಲಿಯೊಂದರಲ್ಲಿ ಸ್ವಲ್ಪ ದಿನ ಕಲಿಸಿ, ಆ ಕೆಲಸವೂ ನಿಂತ ಮೇಲೆ, ಕೋಳಿಗಳನ್ನು ಓಡಿಸಿ ಇವಳು ಕೈಹಚ್ಚಿದಳು. ವೀಡಿಯೋ ನೋಡಿ ಕಲಿತದ್ದು. ಮರ ಸಲೀಸು ಎಂದಳು, ಬೇಡಿದಂತೆ ಕೊಡುತ್ತದೆ. ಉಕ್ಕು ಹಾಗಲ್ಲ. ಒಂದು ಡಬ್ಬಿ ತೆರೆದು ತೋರಿಸಿದಳು. ಮುರಿದ ಕಟರುಗಳ ತುದಿಗಳು, ಹಾಲುಹಲ್ಲುಗಳ ಹಾಗೆ. ‘ಈ ಮಷೀನಿನ ಮೋಟಾರು ಜೋರ ತಿರುಗ್ತೈತಿ ಖರೆ, ಆದ್ರ ಇದಕ್ಕ ತಾಕತ್ತಿಲ್ಲ. ನಿಧಾನ ತಿರುಗಿಸಿದ್ರ ನಿಂತ ಬಿಡ್ತೈತಿ. ಅದಕ್ಕ ಟ್ಯಾಪು ಹಾಕಾಕ ಬರಂಗಿಲ್ಲ. ಈ ಸಣ್ಣ ಕಟರ್ ತೂತಿನ ತಳಕ್ಕ ಇಳಿಸಿ, ಗ್ವಾಡಿಗೆ ತಾಗಿಸಿ, ಸುತ್ತಕೊಂತ ಸುತ್ತಕೊಂತ ಮ್ಯಾಲ ತರಬೇಕು. ಅದು ಹತ್ತಿದ ಹಾದೀನ ಬೋಲ್ಟು ಹಿಡಿಯೂ ಥ್ರೆಡ್ ಆಗ್ತೈತಿ.’ ಬೆರಳಿನಿಂದ ಗಾಳಿಯಲ್ಲಿ ಸುರುಳಿ ಬರೆದು ತೋರಿಸಿದಳು. ಇಂಥ ಕಟರ್ ಅವಳ ಬಳಿ ಎರಡೇ ಇದ್ದವು. ಒಂದನ್ನು ಹಾಕಿ, ಹಳೆಯ ಬಸ್ ಟಿಕೀಟಿನ ಚೂರೊಂದನ್ನು ಪ್ಲೇಟಿನ ಮೇಲಿಟ್ಟು ಅದೇನೋ ಅಳತೆ ನೋಡಿ, ಮಷೀನು ಚಾಲೂ ಮಾಡಿದಳು.

ಮೊದಲ ತೂತು ಸರಿಯಾಯಿತು. ಎರಡನೆಯದರಲ್ಲಿ ಕಟರ್ ಅರ್ಧ ಮೇಲೇರಿದಾಗ ಸದ್ದು ಬದಲಾಯಿತು. ಸಿಳ್ಳೆಯ ಒಳಗೆ ಯಾರೋ ಹಲ್ಲು ಕಡಿದಂತೆ. ಅವಳ ಬೆರಳು ಲ್ಯಾಪ್‌ಟಾಪಿನ ಮೇಲೆ ನಿಂತಿತು. ಕಣ್ಣು ತೂತಿನ ಮೇಲೆಯೇ ಇತ್ತು. ‘ಓಟ ಕಡಿಮಿ ಮಾಡಲೇನ್ರಿ, ಹೆಚ್ಚ ಮಾಡಲೇನ್ರಿ?’ ಎಂದಳು. ಕೇಳಿದ್ದು ತನ್ನನ್ನೇ ಎಂದು ತಿಳಿಯಲು ಕಾಂತುವಿಗೆ ಒಂದು ಗಳಿಗೆ ಬೇಕಾಯಿತು. ಪರೀಕ್ಷೆಗಾಗಿ ಕೇಳಿದ್ದಲ್ಲ ಅದು. ಗೊತ್ತಿಲ್ಲದವಳು ಗೊತ್ತಿರುವವನನ್ನು ಕೇಳಿದ್ದು, ಅವಸರದಲ್ಲಿ, ನಂಬಿಕೆಯಿಂದ. ಗೊತ್ತಿಲ್ರಿ ಎನ್ನಲು ಬಾಯಿ ತೆರೆದ. ಆ ಬಾಯಿಂದ ಎರಡು ಪೆನ್ನಿನ ಮನುಷ್ಯ ಮಾತಾಡಿದ: ‘ಹೆಚ್ಚ ಮಾಡ್ರಿ. ಬಾಳೊತ್ತು ತಿಕ್ಕಿದ್ರ ಉಕ್ಕು ಬಿರುಸ ಆಗ್ತೈತಿ.’ ಕಾರ್ಖಾನೆಯ ಫಿಟ್ಟರುಗಳು ಚಹಾ ಕುಡಿಯುತ್ತ ಆಡಿದ ಯಾವುದೋ ಮಾತು, ಎಲ್ಲಿಂದಲೋ ಎದ್ದು ಬಂದು ಎಷ್ಟು ಗಂಭೀರವಾಗಿ ಕುಳಿತುಕೊಂಡಿತು. ಅವಳು ತಲೆಯಾಡಿಸಿ ಓಟ ಹೆಚ್ಚಿಸಿದಳು. ಟಿಕ್ ಎಂದಿತು. ಬಳೆ ಒಡೆದಾಗಿನದಕ್ಕಿಂತ ದೊಡ್ಡ ಸದ್ದಲ್ಲ. ಮೋಟಾರು ಏನೂ ಆಗಿಲ್ಲವೆಂಬಂತೆ ಖಾಲಿ ಗಾಳಿಯಲ್ಲಿ ಸುರುಳಿ ಸುತ್ತುತ್ತಲೇ ಇತ್ತು, ಅವಳು ಕೆಂಪು ಗುಂಡಿ ಒತ್ತುವವರೆಗೆ.

ಆಮೇಲಿನ ನಿಶ್ಶಬ್ದದಲ್ಲಿ ಪಡಸಾಲೆಯಿಂದ ಗುರುನಾಥ ಮಾವನ ನಗು ಕೇಳಿಸಿತು. ಫ್ಯಾಕ್ಟರಿಯ ಬಾಯ್ಲರ್ ಬಗ್ಗೆ ಏನೋ ಹೇಳುತ್ತಿದ್ದ. ಅವಳು ಮುರಿದ ತುದಿಯನ್ನು ಚಿಮುಟದಿಂದ ಹೆಕ್ಕಿ ಅಂಗೈ ಮೇಲಿಟ್ಟುಕೊಂಡಳು. ಬೈದರೆ ಸಾಕು, ಕಾಂತು ಅಂದುಕೊಂಡ, ಬೈದರೆ ಮುಗಿಯುತ್ತದೆ.

‘ನಾ ಇಂಜಿನಿಯರ್ ಅಲ್ರಿ.’

ಅವಳು ನೋಡಿದಳು.

‘ಕಾಟಾದ ಮ್ಯಾಲ ಗಾಡಿ ತೂಕಾ ಬರೀತೇನಿ. ಇದರಾಗಿಂದು ನನಗೇನೂ ಗೊತ್ತಿಲ್ಲ. ಮಾವ ಸುಳ್ಳ ಹೇಳಿದ. ಆಮ್ಯಾಲ... ನಾನೂ ಹೇಳಿದೆ.’

‘ನಿಧಾನ ಮಾಡಬೇಕಂತ ನನ್ನ ಮನಸಿನ್ಯಾಗ ಬಂದಿತ್ತು’ ಎಂದಳು, ಅವನಿಗಲ್ಲ, ಅಂಗೈಯಲ್ಲಿದ್ದ ಚೂರಿಗೆ. ‘ಕಿವಿಗೆ ತಿಳದಿತ್ತು. ದೊಡ್ಡವ್ರು ಹೇಳ್ತಾರ ಅಂತ ನನ್ನ ಕಿವಿ ನಾ ನಂಬಲಿಲ್ಲ.’ ಅವಳ ಸಿಟ್ಟಿನಲ್ಲೂ ತನಗೆ ಜಾಗವಿಲ್ಲ ಎಂದು ಕಾಂತುವಿಗೆ ಅನ್ನಿಸಿತು; ಅವಳು ತನ್ನ ತಪ್ಪನ್ನೇ ಹುಡುಕುತ್ತಿದ್ದಳು, ಮರ ಕೆತ್ತುವ ಯಂತ್ರದಿಂದ ಉಕ್ಕು ಕೆತ್ತಲು ಹೊರಟವಳಿಗೆ ಬೇರೆಯವರ ತಪ್ಪು ಹುಡುಕುವ ಪುರುಸೊತ್ತಿರಲಿಲ್ಲ. ಅವನು ಬಾಗಿಲ ಕಡೆ ತಿರುಗಿದ.

‘ಎಲ್ಲಿ ಹೊಂಟ್ರಿ? ಇನ್ನೊಂದು ಐತಲ್ಲ’ ಎಂದಳು. ‘ಒಬ್ಬಾಕಿಗೇ ಗುಂಡಿ ಒತ್ತೂದು ಕಾಗದಾ ಎಳಿಯೂದು ಎರಡೂ ತ್ರಾಸ. ಬರ್ರಿ ಇತ್ತ. ಮೊದಲ ಕೈ ಒರಸ್ಕೋರಿ.’

ಹೊಸ ಕಟರಿನ ತುದಿ ಪ್ಲೇಟಿನಿಂದ ಎಷ್ಟು ಎತ್ತರದಲ್ಲಿದೆ ಎಂದು ಮಷೀನಿಗೆ ಸರಿಯಾಗಿ ತಿಳಿಸದಿದ್ದರೆ, ಅರ್ಧ ಆಗಿರುವ ಥ್ರೆಡ್ಡಿನ ಗೆರೆಯ ಮೇಲೆ ಹೊಸ ಗೆರೆ ಅಡ್ಡ ಬಿದ್ದು ಎಲ್ಲ ಕೆಡುತ್ತದೆ ಎಂದು ವಿವರಿಸಿದಳು. ಟಿಕೀಟಿನ ಅದೇ ಚೂರನ್ನು ಪ್ಲೇಟಿನ ಮೇಲಿಟ್ಟಳು. ಕಾಂತು ಅದನ್ನು ಹಿಂದಕ್ಕೂ ಮುಂದಕ್ಕೂ ಎಳೆಯುತ್ತಿರಬೇಕು. ಅವಳು ಕಟರನ್ನು ಎಳ್ಳಷ್ಟು ಎಳ್ಳಷ್ಟೇ ಇಳಿಸುತ್ತಾಳೆ. ಕಾಗದವನ್ನು ಕಟರ್ ಹಿಡಿದುಕೊಂಡ ಗಳಿಗೆ ಅವನು ಹೇಳಬೇಕು. ‘ಹಿಡದ ಮ್ಯಾಲ ಹೇಳಿದ್ರ ತಡಾ ಆಗ್ತೈತಿ. ಹಿಡೀತೈತಿ ಅಂತ ಅನ್ನಿಸಿದಾಗ ಹೇಳಿದ್ರ ಲಗೂ ಆಗ್ತೈತಿ. ಹಿಡೀತಿದ್ದಂಗ ಹೇಳ್ರಿ.’ ಕಾಂತು ಬಾಗಿದ. ಇಬ್ಬರ ತಲೆಗಳ ನಡುವೆ ಒಂದು ಗೇಣು ಅಂತರವಿತ್ತು, ಮಲ್ಲಿಗೆ ಮತ್ತು ಎಣ್ಣೆಯ ವಾಸನೆ ಬೆರೆತಿತ್ತು, ಆದರೆ ಅದನ್ನು ಗಮನಿಸಲು ಅವನಿಗೆ ಸಾಧ್ಯವಾಗಲಿಲ್ಲ. ಅವನ ಇಡೀ ದೇಹ ಹೆಬ್ಬೆರಳು ತೋರುಬೆರಳಿನ ನಡುವಿನ ಆ ಕಾಗದಕ್ಕೆ ಇಳಿದಿತ್ತು. ಕಾಗದ ಸಲೀಸಾಗಿ ಓಡಿತು. ಗುಂಡಿಯ ಸದ್ದು. ಓಡಿತು. ಗುಂಡಿಯ ಸದ್ದು. ಈಗಲೋ? ಅಲ್ಲ. ಹಿಡಿಯಿತು ಎಂದುಬಿಟ್ಟರೆ ಈ ಸಂಕಟ ಮುಗಿಯುತ್ತದೆ, ಯಾರಿಗೆ ಗೊತ್ತಾಗುತ್ತದೆ ಎಂದು ಒಂದು ದನಿ ಹೇಳಿತು, ಹಳೆಯ ದನಿ. ಓಡಿತು. ಅವಳು ಅವನ ಮುಖ ನೋಡುತ್ತಿದ್ದಳು. ಗಾಡಿಯವರು ನೋಡಿದ ಹಾಗಲ್ಲ; ಕತ್ತಲಲ್ಲಿ ನಡೆಯುವವರು ಮುಂದಿನವನ ಕೈಯ ದೀಪವನ್ನು ನೋಡುವ ಹಾಗೆ. ಕಾಗದದಲ್ಲಿ ಒಂದು ಸಣ್ಣ ಒರಟು, ಉಗುರಿನ ತುದಿಗೆ ನೂಲು ಸಿಕ್ಕಂತೆ.

‘ಹಿಡೀತು.’

ಅವಳು ಬೆರಳೆತ್ತಿದಳು. ಮತ್ತೊಮ್ಮೆ ಕೇಳಲಿಲ್ಲ. ಕಟರು ಎರಡನೆಯ ತೂತಿನ ತಳಕ್ಕಿಳಿದು, ಗೋಡೆಗೆ ತಾಗಿ, ಹತ್ತತೊಡಗಿತು. ಇಬ್ಬರೂ ಉಸಿರು ಬಿಗಿಹಿಡಿದರು. ಹಲ್ಲು ಕಡಿಯುವ ಸದ್ದು ಬರಲಿಲ್ಲ. ಹಳೆಯ ಗೆರೆಯೊಳಗೆ ಕಟರು, ತನ್ನ ಓಣಿಗೆ ತಿರುಗಿದ ದನದಂತೆ, ಎಡವದೆ ನಡೆಯಿತು. ಅವಳು ಓಟವನ್ನು ಇನ್ನೂ ಇಳಿಸಿದಳು. ಒಂದು ಸಲ ಸುತ್ತಿ ಮೇಲೆ ಬಂದದ್ದು ಸಾಕಾಗಲಿಲ್ಲ. ಮತ್ತೆ ತಳಕ್ಕೆ, ಕೂದಲಷ್ಟು ಒಳಗೆ ಒತ್ತಿ, ಮತ್ತೆ ಮೇಲಕ್ಕೆ. ಹೀಗೆ ಒಂದೊಂದು ತೂತಿಗೂ ಹಲವು ಸಲ. ರೇಣುಕಾ ಬಾಗಿಲಲ್ಲಿ ನಿಂತು, ಅವರು ಎದ್ದು ಹೋಗುತ್ತೇವೆ ಅನ್ನುತ್ತಿದ್ದಾರೆ ಎಂದು ಪಿಸುಗುಟ್ಟಿದಳು, ಮಗಳು ಕೈಯನ್ನಷ್ಟೇ ಅಲ್ಲಾಡಿಸಿದಳು, ತಾಯಿ ಅಲ್ಲಿಯೇ ನಿಂತು ನೋಡತೊಡಗಿದಳು. ಕಾಂತುವಿನ ಕೈಗೆ ಯಾವಾಗಲೋ ಬ್ರಷ್ಷು ಬಂದಿತ್ತು. ಎಷ್ಟು ದೊಡ್ಡದಾಗಿ ಕಂಡಳು ಅವಳು ಆ ಹೊತ್ತಿಗೆ, ಆ ಕುಳ್ಳ ಹುಡುಗಿ. ತಾಕತ್ತಿಲ್ಲದ ಯಂತ್ರದ ತಾಕತ್ತು ಎಷ್ಟೆಂದು ಅವಳಿಗೆ ಗೊತ್ತಿತ್ತು, ಅದಕ್ಕಿಂತ ಒಂದು ಕೂದಲೂ ಹೆಚ್ಚು ಅದನ್ನು ಕೇಳುತ್ತಿರಲಿಲ್ಲ, ಮತ್ತು ಕೇಳಿದ್ದನ್ನು ಕೊಡುವವರೆಗೆ ಬಿಡುತ್ತಿರಲಿಲ್ಲ. ತನ್ನಿಂದ ಯಾರೂ ಹಾಗೆ ಕೇಳಿರಲಿಲ್ಲ. ತನಗಿಲ್ಲದ್ದನ್ನೇ ಎಲ್ಲರೂ ಕೇಳಿದ್ದರು, ತಾನೂ ಕೇಳಿಕೊಂಡಿದ್ದ.

ಮಂಜೂರ ಬಂದು ಮೊದಲ ಬೋಲ್ಟನ್ನು ಬೆರಳಲ್ಲೇ ತಿರುಗಿಸಿದ. ತಡೆಯದೆ ತಳದವರೆಗೆ ಹೋಯಿತು. ಎರಡನೆಯದನ್ನು ಹಾಕುವಾಗ ಪ್ರಿಯದರ್ಶಿನಿ ಬೇರೆ ಕಡೆ ತಿರುಗಿ ನಿಂತಿದ್ದಳು. ‘ಯಾ ಅಲ್ಲಾ, ಬೆಣ್ಯಾಗ ಹ್ವಾದಂಗ ಹೊಂಟೈತಿ’ ಎಂದ ಮಂಜೂರ. ಅವಳು ತಿರುಗಿ, ತಾನೇ ಬೋಲ್ಟು ಬಿಚ್ಚಿ, ಮತ್ತೆ ಹಾಕಿ, ಮತ್ತೆ ಬಿಚ್ಚಿ ನೋಡಿದಳು. ಆಮೇಲೆ ಮುಖ ಮುಚ್ಚಿಕೊಂಡು ನಕ್ಕುಬಿಟ್ಟಳು. ‘ಆತಲ್ಲ, ಯವ್ವಾ, ಉಕ್ಕಿನಾಗ ಆತಲ್ಲ’ ಎಂದು ತಾಯಿಯ ತೋಳು ಹಿಡಿದು ಅಲ್ಲಾಡಿಸಿದಳು. ಖಾಕಿ ಅಂಗಿಯ ತೋಳು, ಎಣ್ಣೆಯ ಕೆನ್ನೆ, ಕುಸುಬಿ ಸೀರೆ. ಅವಳನ್ನು ನೋಡುವುದು ತನ್ನ ಹಕ್ಕಲ್ಲ ಎನ್ನಿಸಿ ಕಾಂತು ಕಣ್ಣು ತಗ್ಗಿಸಿದ.

ಪಡಸಾಲೆಗೆ ಬಂದಾಗ ಗುರುನಾಥ, ‘ಏನ್ ಸಾಹೇಬ್ರ, ಮಷೀನು ಪಾಸೋ ಫೇಲೋ?’ ಎಂದ.

‘ಮಾವಾ, ನಾ ಕಾಟಾದಾಗ ತೂಕಾ ಬರ್ಯಾವ ಅಂತ ಇವರಿಗೆ ಹೇಳು.’

‘ಚಾಷ್ಟಿ ಮಾಡ್ತಾನ್ರಿ ಇಂವಾ—’

‘ಚಾಷ್ಟಿ ಅಲ್ಲ. ಆಕಿಗೆ ಹೇಳೇನಿ. ಇವರಿಗೂ ತಿಳೀಲಿ.’ ಕಾಂತು ಹುಡುಗಿಯ ತಂದೆಯ ಕಡೆ ತಿರುಗಿದ. ‘ನನ್ನ ಮಾತು ಕೇಳಿ ಆಕಿ ಒಂದು ಕಟರ್ ಮುರಕೊಂಡಾಳ.’

ಸೋಮನಿಂಗ ಟವೆಲ್ಲು ತೆಗೆದು ತೊಡೆಯ ಮೇಲಿಟ್ಟುಕೊಂಡ. ಬೈಯುತ್ತಾನೆ ಎಂದುಕೊಂಡರೆ, ‘ನೌಕರಿ ಕಾಯಂ ಐತೇನ್ರಿ?’ ಎಂದು ಕೇಳಿದ.

‘ಹಂಗಾಮಿಗೆ ಅಷ್ಟೇರಿ. ಕಾಯಂ ಮಾಡ್ತೇವಿ ಅಂದಾರ. ಹೋದ ವರ್ಷಾನೂ ಅಂದಿದ್ರು.’

ರೇವವ್ವನ ಮುಖ ಕೆಂಪಾಗಿತ್ತು. ಮಗನ ಮೇಲಿನ ಸಿಟ್ಟು ಅಲ್ಲಿ ಇಲ್ಲಿ ಜಾಗ ಹುಡುಕಿ, ಕೊನೆಗೆ ಹಿತ್ತಲ ಬಾಗಿಲಲ್ಲಿ ನಿಂತಿದ್ದ ಹುಡುಗಿಯ ಎಣ್ಣೆಗೈಗಳ ಮೇಲೆ ಇಳಿಯಿತು. ‘ನಮ್ಮ ಮನ್ಯಾಗ ಮಷೀನು ಗಿಷೀನು ನಡ್ಯಾಂಗಿಲ್ರಿ. ನಮಗ ಸಂಸಾರಾ ಮಾಡೂ ಹುಡುಗಿ ಬೇಕು’ ಎಂದು ಎದ್ದಳು. ರೇಣುಕಾ ಕಪ್ಪುಗಳನ್ನು ಸದ್ದಾಗುವಂತೆ ಎತ್ತಿಕೊಂಡಳು. ಸೋಮನಿಂಗ ಬಾಗಿಲವರೆಗೆ ಬಂದು ಜೈಭೀಮ್ ಎಂದ, ಕಾಂತು ಒಬ್ಬನೇ ತಿರುಗಿ ಜೈಭೀಮ್ ಎಂದ.

ಜೀಪಿನಲ್ಲಿ ಗುರುನಾಥ ಮುಂದೆ ಕುಳಿತು ಬಾಗಿಲು ದಡಾರನೆ ಹಾಕಿದ. ‘ಮುಗೀತು. ಇನ್ನ ಮ್ಯಾಲ ನಿನ್ನ ಹೆಣ್ಣ ನೀನ ನೋಡ್ಕೋ.’ ಕಾಂತು ಅವ್ವನ ಪಕ್ಕದಲ್ಲಿ ಕುಳಿತ. ದುಃಖವಾಗಬೇಕಿತ್ತು. ಇಂಥ ಹುಡುಗಿ ತನ್ನಂಥವನಿಗೆ ಸಿಗುವವಳಲ್ಲ ಎಂಬುದು ಬಿಸಿಲಿನಷ್ಟು ಸ್ಪಷ್ಟವಾಗಿತ್ತು. ಆದರೂ ಇಂಥವಳೊಬ್ಬಳು ಇದ್ದಾಳೆ, ಈ ಸಾಲೋಟಗಿ ರಸ್ತೆಯ ಕೊಟ್ಟಿಗೆಯೊಂದರಲ್ಲಿ, ಎಂದು ತಿಳಿದದ್ದೇ ಒಂದು ಬಗೆಯ ಸಂಪತ್ತಿನಂತೆ ಎದೆಯೊಳಗೆ ಬೆಚ್ಚಗಿತ್ತು. ಜೀಪು ಚಾಲೂ ಆಗುವಷ್ಟರಲ್ಲಿ ಯಾರೋ ‘ಒಂದ ನಿಮಿಷ ನಿಂದರ್ರಿ’ ಎಂದು ಕೂಗಿದರು. ಪ್ರಿಯದರ್ಶಿನಿ ಬಂದು ಅವನ ಕಡೆಯ ಕಿಟಕಿಯ ಹತ್ತಿರ ನಿಂತಳು. ಅಂಗಿ ಇನ್ನೂ ತೆಗೆದಿರಲಿಲ್ಲ. ಓಡಿ ಬಂದದ್ದಕ್ಕೆ ಏದುಸಿರು ಬಿಡುತ್ತಿದ್ದಳು.

‘ಆಲಮೇಲದಾಗ ಹಗಲೊತ್ತು ಕರೆಂಟ್ ಹೆಂಗ ಇರ್ತೈತ್ರಿ?’

ಅವ್ವ ನೋಡುತ್ತಿದ್ದಳು. ಮಾವ ಕನ್ನಡಿಯಲ್ಲಿ ನೋಡುತ್ತಿದ್ದ. ಚಲೋ ಇರ್ತೈತಿ ಎಂಬ ಮಾತು ನಾಲಿಗೆಯ ತುದಿಗೇ ಬಂದಿತ್ತು, ಎಷ್ಟು ಹಗುರವಾದ ಮಾತು, ಯಾರಿಗೂ ನೋವಾಗದ ಮಾತು.

‘ಚಲೋ ಇರಂಗಿಲ್ರಿ’ ಎಂದ ಕಾಂತು. ‘ದಿನಾ ಹೋಗ್ತೈತಿ. ಹೋದ್ರ ಯಾವಾಗ ಬರ್ತೈತಿ ಅಂತ ಹೇಳಾಕ ಬರಂಗಿಲ್ಲ.’

ಅವಳು ತೂತಿನ ಒಳಗೆ ನೋಡುವಾಗಿನಂತೆ ಹುಬ್ಬುಗಂಟು ಹಾಕಿಕೊಂಡಳು.

‘ಹಂಗಾದ್ರ ದೊಡ್ಡದೊಂದು ಇನ್ವರ್ಟರ್ ಹಾಕಸಬೇಕಾಗ್ತೈತಿ’ ಎಂದಳು. ಅಷ್ಟು ಹೇಳಿ ಒಳಗೆ ಹೋದಳು.

ಜೀಪು ರಸ್ತೆಗೆ ಬಂತು. ಲಿಂಬೆಯ ತೋಟ ಮುಗಿದ ಮೇಲೆ ರೇವವ್ವ ಮಗನ ಕಡೆ ತಿರುಗಿದಳು.

‘ಏನೋ ಹಾಕಸಬೇಕಂದ್ಳಲ್ಲೊ ಆಕಿ? ಯಾರ ಮನ್ಯಾಗ?’

‘ನಮ್ಮ ಮನ್ಯಾಗ, ಯವ್ವಾ’ ಎಂದ ಕಾಂತು.